ಸಾರಿನ ಡಬ್ಬಿಯಲ್ಲಿ ಕೋಳಿ

ಜುಲೈ ೭, ಸೋಮವಾರ

ಇವತ್ತೂ ಇವರ ಹೊಟ್ಟೆಯಲ್ಲಿ ಮಾತ್ರೆ ನಿಲ್ಲಲಿಲ್ಲ. ನುಂಗಿಸಿ, ಬೆನ್ನು ಸವರಿ, ಇನ್ನೇನು ಗೆದ್ದೆ ಎಂದುಕೊಂಡು ಬಾಗಿಲ ತನಕ ಬಂದಿದ್ದೆ, ಹಿಂದಿನಿಂದ ಓಕರಿಕೆಯ ಸದ್ದು ಕೇಳಿಸಿತು. ಬಕೆಟ್ ತೊಳೆದಿಟ್ಟು ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಯಾರ ಹತ್ತಿರವಾದರೂ ಹೇಳಿಕೊಂಡು ಅಳಬೇಕು, ಆದರೆ ಹೇಳುವ ಹಾಗಿಲ್ಲ. ಬಸವೇಶ್ವರನಗರದ ನಮ್ಮ ಬೀದಿಯವರ ಲೆಕ್ಕದಲ್ಲಿ ನನ್ನ ಯಜಮಾನರು ನಾಗಭೂಷಣ್ ಅವರಿಗೆ ಗ್ಯಾಸ್ಟ್ರಿಕ್. ಹೆತ್ತ ತಾಯಿ ಎಂದು ಅತ್ತೆಗೆ ಮಾತ್ರ ಸ್ವಲ್ಪ ಬಡ್ತಿ ಕೊಟ್ಟು, ಎದೆಯಲ್ಲಿ ಕಫ ಎಂದಿದ್ದೇವೆ. ಟಿಬಿ ಎಂಬ ಎರಡಕ್ಷರ ಈ ಮನೆಯಲ್ಲಿ ಗಟ್ಟಿಯಾಗಿ ಯಾರ ಬಾಯಲ್ಲೂ ಬಂದಿಲ್ಲ. ಅತ್ತೆಯ ಎಕ್ಸ್‌ರೇಯನ್ನೂ ವಯಸ್ಸಾದವರ ತಪಾಸಣೆ ಎಂದು ಸುಳ್ಳು ಹೇಳಿಯೇ ತೆಗೆಸಿದೆವು. ದೇವರ ದಯೆ, ಅದರಲ್ಲಿ ಏನೂ ಇಲ್ಲ.

ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಮಾತ್ರೆ ತಪ್ಪಿದರೆ ಕಾಯಿಲೆ ಮೊಂಡು ಬೀಳುತ್ತದೆ, ಆಮೇಲೆ ಯಾವ ಮಾತ್ರೆಗೂ ಜಗ್ಗುವುದಿಲ್ಲ ಎಂದರು. "ಹೊಟ್ಟೆಗೆ ಏನಾದ್ರೂ ಬಿದ್ರೆ ತಾನೇ ಮಾತ್ರೆ ನಿಲ್ಲೋದು? ಏನು ಬಾಯಿಗೆ ಸೇರುತ್ತೋ ಅದನ್ನ ಕೊಡಿ. ಬಿಸಿಯಾಗಿರಲಿ, ಅಷ್ಟೇ. ಆಗಸ್ಟ್ ಐದಕ್ಕೆ ಬನ್ನಿ. ತೂಕ ಇನ್ನೂ ಇಳಿದಿದ್ರೆ ಅಡ್ಮಿಟ್ ಮಾಡಿ ಮೂಗಿಂದ ಕೊಳವೆ ಹಾಕ್ಬೇಕಾಗುತ್ತೆ."

ಏನು ಬಾಯಿಗೆ ಸೇರುತ್ತದೆ? ಮಾಡದೆ ಬಿಟ್ಟದ್ದು ಏನಿದೆ? ರಾಗಿ ಗಂಜಿ, ಹೆಸರುಬೇಳೆ ಪಾಯಸ, ಅಕ್ಕಿ ರೊಟ್ಟಿ, ಮೆಂತ್ಯದ ಸೊಪ್ಪಿನ ಬಾತು. ಒಂದು ತುತ್ತು ಬಾಯಿಗಿಟ್ಟು ಗೋಡೆಯ ಕಡೆ ತಿರುಗುತ್ತಾರೆ.

ಜುಲೈ ೯, ಬುಧವಾರ

ಇವತ್ತು ಇವರಾಗಿಯೇ ಬಾಯಿ ಬಿಟ್ಟರು.

"ಅಂಬು, ಬೈಬೇಡ. ಒಂದು ತಿನ್ಬೇಕು ಅನ್ಸುತ್ತೆ."

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಹೇಳ್ರೀ, ಈಗ್ಲೇ ಮಾಡ್ತೀನಿ" ಎಂದು ಸೆರಗು ಸಿಕ್ಕಿಸಿ ಎದ್ದೇಬಿಟ್ಟೆ.

"ನೀನು ಮಾಡೋದಲ್ಲ." ಚಾವಣಿ ನೋಡುತ್ತ ಮೆಲ್ಲಗೆ ಹೇಳಿದರು. "ಚಿಕನ್ ಬರ್ಗರ್."

ಜ್ವರದ ಬಡಬಡಿಕೆ ಎಂದುಕೊಂಡು ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಆಮೇಲೆ ಒಂದೊಂದಾಗಿ ಹೊರಗೆ ಬಂತು. ರಾಜಾಜಿನಗರದ ಪ್ರೆಸ್ಸಿನಲ್ಲಿ ಜೊತೆಗಿದ್ದ ಮುರುಗೇಶ್, ಶನಿವಾರದ ಸಂಜೆಗಳು. ಇವರು ಅಂಗಡಿಯೊಳಗೆ ಕಾಲಿಡುತ್ತಿರಲಿಲ್ಲವಂತೆ. ಪ್ರೆಸ್ಸಿನ ಪಕ್ಕದ ಸಂದಿಯಲ್ಲಿ ಕಾದು ನಿಂತಿರುವುದು, ಮುರುಗೇಶ್ ಬೈಕಿನಲ್ಲಿ ಹೋಗಿಬಂದು, ಸಂದಿಯ ಬಾಯಲ್ಲೇ ಅಂಗಡಿಯ ಹೆಸರಿನ ಕಾಗದ ಸುಲಿದೆಸೆದು ಬರಿ ಕೈಯಲ್ಲಿ ತಂದುಕೊಡುವುದು, ಅಲ್ಲೇ ನಿಂತು ತಿಂದು ಬಾಯಿ ಒರೆಸಿಕೊಳ್ಳುವುದು. ಹಾಗಾಗಿ ಅದು ಯಾವ ಅಂಗಡಿಯದು ಎಂದು ಈ ಮಹಾನುಭಾವರಿಗೇ ಗೊತ್ತಿಲ್ಲ.

ಜುಲೈ ೧೦, ಗುರುವಾರ

ಶನಿವಾರ ಶನಿವಾರ ಇವರ ಬಾಯಿಂದ ಏಲಕ್ಕಿ ವಾಸನೆ ಬರುತ್ತಿತ್ತು. ನನಗೆ ಇಷ್ಟ ಎಂದು ಹಾಕಿಕೊಂಡು ಬರುತ್ತಾರೆ ಎಂದುಕೊಂಡಿದ್ದೆ. ಮಾತಾಡಿಸಬಾರದು ಎಂದು ತೀರ್ಮಾನಿಸಿದೆ. ಮಧ್ಯಾಹ್ನದ ತನಕ ತಡೆದೆ. ಗಂಜಿ ಕುಡಿಸಲು ಹಿಡಿದೆಬ್ಬಿಸಿದಾಗ ಬೆನ್ನಿನ ಮೂಳೆಗಳು ಕೈಗೆ ಸಿಕ್ಕಿದವು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಜುಲೈ ೧೨, ಶನಿವಾರ

ಹೋಗಿಬಂದೆ.

ಫೋನಿನಲ್ಲಿ ತರಿಸಬಹುದಿತ್ತು. ಆದರೆ ತಂದುಕೊಡುವ ಹುಡುಗರು ಗೇಟಿನಲ್ಲಿ ನಿಂತು "ಮೇಡಂ, ಚಿಕನ್" ಎಂದು ಕೂಗಿದರೆ ಬೀದಿಗೆಲ್ಲ ಕೇಳಿಸುತ್ತದೆ. ಅತ್ತೆ ಇಡೀ ದಿನ ಕೂರುವುದೂ ಮುಂಬಾಗಿಲ ಕುರ್ಚಿಯಲ್ಲಿಯೇ. ಇವರ ಕೋಣೆಗೆ ಹತ್ತುವ ಮೆಟ್ಟಿಲು ಆ ಕುರ್ಚಿಯ ಪಕ್ಕದಿಂದಲೇ ಹೊರಡುತ್ತದೆ, ಬೇರೆ ದಾರಿಯಿಲ್ಲ. ಆದ್ದರಿಂದ ಇವರು ಪ್ರೆಸ್ಸಿಗೆ ಸಾರು ಒಯ್ಯುತ್ತಿದ್ದ ಅಗಲ ಬಾಯಿಯ ಸ್ಟೀಲ್ ಡಬ್ಬಿ ತೆಗೆದುಕೊಂಡೆ. ಬಿಗಿಯಾದ ಮುಚ್ಚಳ, ಹನಿ ಸೋರುವುದಿಲ್ಲ, ವಾಸನೆಯಂತೂ ಆಚೆ ಬರುವುದೇ ಇಲ್ಲ. ಇನ್ನು ಅದು ಅಡುಗೆಮನೆಗೆ ಬರುವ ಹಾಗಿಲ್ಲ, ತಾರಸಿಯ ಟ್ಯಾಂಕಿನ ಹಿಂದೆಯೇ ಅದರ ವಾಸ.

ವಿಜಯನಗರದ ಮೆಟ್ರೋ ಹತ್ತಿರ, ಮೆಟ್ಟಿಲು ಹತ್ತಿ ಹೋಗುವ ಅಂಗಡಿ. ಕೌಂಟರಿನ ಹುಡುಗಿ ನನ್ನ ಹಣೆಯ ವಿಭೂತಿ ನೋಡಿ ಬಹಳ ಮರ್ಯಾದೆಯಿಂದ ಹೇಳಿದಳು, "ವೆಜ್ ಬೇಕಂದ್ರ ಆ ಕಡೆ ಲೈನ್ ಐತ್ರೀ ಅಮ್ಮಾರ." ಎದೆಯ ಮೇಲಿನ ಬಿಲ್ಲೆಯಲ್ಲಿ ಗುರುದೇವಿ ಎಂದಿತ್ತು. ಎಷ್ಟು ಮೆಲ್ಲಗೆ ಚಿಕನ್ ಎಂದೆನೆಂದರೆ ಅವಳು ಎರಡು ಸಲ ಕೇಳಿದಳು. "ಇಲ್ಲೇ ತಿಂತೀರೇನ್ರೀ, ಕಟ್ಟಲೇನ್ರೀ?" ಇಲ್ಲೇ ತಿನ್ನುತ್ತೇನಂತೆ, ನಾನು!

ಮೂಲೆಯ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ, ಕಾಗದ ಬಿಚ್ಚಿ, ಚಮಚದಲ್ಲಿ ತಳ್ಳಿ ಅದನ್ನು ಡಬ್ಬಿಗೆ ಹಾಕಿದೆ. ಹೊಗೆಯಾಡುತ್ತಿತ್ತು. ಬಿಸಿ ಆರದಿರಲಿ ಎಂದು ಮುಚ್ಚಳ ಒತ್ತಿ, ಟವೆಲ್ ಸುತ್ತಿ, ಚೀಲದಲ್ಲಿಟ್ಟು ಮೇಲೆ ಕೊತ್ತಂಬರಿ ಕಟ್ಟು ಹರಡಿದೆ. ಬಸ್ಸಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು.

"ಏನು ತಂದೆ?" ಎಂದರು ಅತ್ತೆ.

"ಕೊತ್ತಂಬರಿ."

ಇವರು ಎರಡೂ ಕೈಯಲ್ಲಿ ಹಿಡಿದು ಒಂದು ಸಲ ಕಚ್ಚಿದರು. ನಾನು ಮುಖ ತಿರುಗಿಸಿಕೊಂಡು ಕಾದೆ. "ಇದಲ್ಲ ಅಂಬು. ಇದು ಮೆತ್ತಗಿದೆ. ಅದು ಗರಿಗರಿ ಇರ್ತಿತ್ತು." ಕೆಳಗಿಟ್ಟುಬಿಟ್ಟರು. ಸಂಜೆ ಮಾತ್ರೆಯೂ ಆಚೆಗೆ ಬಂತು. ನಾನು ತಲೆಗೆ ನೀರು ಹಾಕಿಕೊಂಡೆ.

ಜುಲೈ ೧೬, ಬುಧವಾರ

ಬೇರೆ ಅಂಗಡಿಯದೇ ಇರಬೇಕು. ರಾಜಾಜಿನಗರದ ಮಾಲಿಗೆ ಹೋದೆ. ಲಿಫ್ಟಿನಲ್ಲಿ ಮೇಲೆ ಹೋದರೆ ಇಂಥ ಅಂಗಡಿಗಳು ಸಾಲಾಗಿವೆ. ಇಲ್ಲಿಯದು ಮೆಟ್ಟಿಲ ಅಂಗಡಿಯದಕ್ಕಿಂತ ದಪ್ಪ, ಬನ್ನಿನ ಮೇಲೆ ಎಳ್ಳು ಹೆಚ್ಚು, ಒಳಗೆ ಎಲೆಕೋಸಿನ ಬದಲು ಬೇರೆ ಏನೋ ಎಲೆ. ಬಣ್ಣ ಮಾತ್ರ ಚೆನ್ನಾಗಿತ್ತು, ಹದವಾಗಿ ಕೆಂಪಗೆ. ನನಗೆ ಗೊತ್ತಾಗುವುದು ಬಣ್ಣ, ವಾಸನೆ, ಅಷ್ಟೇ. ಉಪ್ಪು ಹೇಗಿದೆ, ಖಾರ ಹೇಗಿದೆ ಎಂದು ನೋಡಲು ಇದನ್ನು ಬಾಯಿಗಿಡುವ ಜನ್ಮ ನನ್ನದಲ್ಲ. ಸಾರನ್ನೂ ರುಚಿ ನೋಡದೆ ಇಳಿಸುವವಳಲ್ಲ ನಾನು. ಇದನ್ನು ಕುರುಡಿಯ ಹಾಗೆ ಆರಿಸುತ್ತಿದ್ದೇನೆ.

ಡಬ್ಬಿ, ಟವೆಲ್, ಈ ಸಲ ಮೇಲೆ ಪಾಲಕ್. ಇವರು ಒಂದು ಕಚ್ಚಿ, ಅಗಿದು, ಸುಮ್ಮನೆ ತಲೆ ಅಲ್ಲಾಡಿಸಿದರು. "ಇದೂ ಮೆತ್ತಗೇ." ಆಮೇಲೆ ನನ್ನ ಮುಖ ನೋಡಿ ಇನ್ನೊಂದು ಸಲ ಕಚ್ಚಿದರು. ನನಗೋಸ್ಕರ ಕಚ್ಚಿದರು. ಅದೇ ಹೆಚ್ಚು ಸಂಕಟ. ಮೈಗೆ ಸ್ನಾನ ಮಾಡಿದೆ, ಕೂದಲು ಒಣಗುವ ತನಕ ಕೂರಲು ಪುರುಸೊತ್ತಿಲ್ಲ.

ಜುಲೈ ೨೦, ಭಾನುವಾರ

ಕೆಂಗೇರಿ. ಮೈಸೂರು ರಸ್ತೆಯ ಮೇಲೆ ಗಾಜಿನ ಅಂಗಡಿ, ಕಾರಿನವರೇ ಹೆಚ್ಚು. ಮುರುಗೇಶ್ ಆ ಕಡೆ ಸರಕು ಕೊಡಲು ಹೋಗುತ್ತಿದ್ದ ಎಂದು ಇವರಿಗೆ ನೆನಪಾಯಿತು. ಅಷ್ಟು ಸಾಕಾಯಿತು ನನಗೆ. ದೂರದ ದಾರಿ, ಆರಿಹೋಗುತ್ತದೆಂದು ಎರಡು ಟವೆಲ್ ಸುತ್ತಿ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದೆ. ಮೆಟ್ರೋದಲ್ಲಿ ಮಡಿಲಲ್ಲಿ ಹಿಡಿದು ಕೂತೆ, ಇಳಿಯುವಾಗಲೂ ಬೆಚ್ಚಗಿತ್ತು. ಇಷ್ಟು ಜೋಪಾನ ಮಾಡಿದ್ದೇನೆ, ಇವತ್ತು ತಿಂದೇ ತಿನ್ನುತ್ತಾರೆ ಎಂದುಕೊಂಡೆ.

ಮುಚ್ಚಳ ತೆಗೆದರೆ ಒಳಗೆಲ್ಲ ನೀರಹನಿ. ಬನ್ನು ಅಂಟಿಕೊಂಡಿತ್ತು. ಇವರು ಬಾಯಿಗಿಟ್ಟು ಹಾಗೇ ತೆಗೆದರು. "ಒದ್ದೆ ಪಂಚೆ ಅಗಿದ ಹಾಗಿದೆ ಅಂಬು. ಸಾಕು ಬಿಡು, ಎಷ್ಟು ಅಂತ ಅಲೀತೀಯ."

ಸಾಕು ಬಿಡು ಅನ್ನಲು ಇವರಿಗೆ ಎಷ್ಟು ಸುಲಭ. ನಾನು ಬಿಟ್ಟರೆ ಇವರನ್ನು ಹಿಡಿದುಕೊಂಡಿರುವವರು ಯಾರು? ಕೈಕಾಲು ತೊಳೆದು ಅತ್ತೆಗೆ ಊಟ ಬಡಿಸಿದೆ.

ಜುಲೈ ೨೨, ಮಂಗಳವಾರ

ವಿಜಯನಗರದ ಗುರುದೇವಿಯ ಜೊತೆ ಜಗಳ ಆಡಿ ಬಂದೆ. "ಮೆತ್ತಗಿರೋದನ್ನ ಯಾಕಮ್ಮ ಮಾರ್ತೀರಾ? ಕಾಯಿಲೆಯವರು ಆಸೆಪಟ್ಟು ಕೇಳಿದಾರೆ" ಎಂದೆ. ಕಾಯಿಲೆ ಎಂಬ ಮಾತು ಬಾಯಿ ತಪ್ಪಿ ಬಂತು.

"ಈಗ ಎಣ್ಣಿಯಿಂದ ತೆಗದಿದ್ದರೀ ಅಮ್ಮಾರ. ಗರಿಗರಿನ ಐತ್ರೀ, ನೀವ ನೋಡ್ರಿ ಬೇಕಾದ್ರ" ಎಂದು ನನ್ನ ಮುಂದೆ ಹಿಡಿದಳು. ನಾನು ಹೇಗೆ ನೋಡಲಿ? ಹಿಂದಿನವರು ನಕ್ಕರು. ತಂದೆ. ಅದೇ ಹಣೆಬರಹ. ಕಾಗೆಗಳು ತಿಂದವು.

ಜುಲೈ ೨೪, ಗುರುವಾರ

ಭೀಮನ ಅಮಾವಾಸ್ಯೆ. ಗಂಡನ ಆಯುಸ್ಸಿಗೆ ಮಾಡುವ ಪೂಜೆ. ಪ್ರತಿ ವರ್ಷ ಇವರು ಕಾಲು ಚಾಚಿ "ಇವತ್ತೊಂದು ದಿನ ನಾನು ದೇವರು ಕಣೇ, ಕಾಫಿ ಕೊಡು" ಎಂದು ರೇಗಿಸುತ್ತಿದ್ದರು. ಇವತ್ತು ತಟ್ಟೆಯಲ್ಲಿ ಕಾಲಿಡಿಸಲು ನಾನೇ ಎತ್ತಿ ಇಡಬೇಕಾಯಿತು. ನೀರು ಹಾಕಿ ತೊಳೆದೆ. ಈ ಪಾದ ಇವರದಲ್ಲ ಎನ್ನಿಸಿತು. ಅರಿಸಿನ ಹಚ್ಚಿದರೆ ಮೂಳೆಯ ಉಬ್ಬು ತಗ್ಗು ಬೆರಳಿಗೆ ತಗುಲುತ್ತಿತ್ತು.

ಕೆಳಗಿಂದ ಅತ್ತೆ ಕೂಗಿ ಹೇಳುತ್ತಿದ್ದರು, "ದಾರ ಸರಿಯಾಗಿ ಕಟ್ಕೊಂಡ್ಯಾ? ಅಕ್ಷತೆ ಹಾಕಿಸ್ಕೊಂಡ್ಯಾ?" ಮಂಡಿ ನೋವಿನಿಂದ ಅವರು ಮೆಟ್ಟಿಲು ಹತ್ತಿ ತಿಂಗಳುಗಳೇ ಆದವು. ಮಗನ ಈ ಕಾಲನ್ನು ಅವರು ನೋಡದಿರುವುದೇ ಒಳ್ಳೆಯದು. ಕಡುಬು ಯಾರೂ ಮುಟ್ಟಲಿಲ್ಲ.

ದೇವರೇ, ನಾನು ಕೇಳುತ್ತಿರುವುದು ಹೆಚ್ಚೇನಲ್ಲ. ಇವರು ತಿನ್ನಲಿ. ಏನಾದರೂ ತಿನ್ನಲಿ.

ಜುಲೈ ೨೫, ಶುಕ್ರವಾರ

ಮರ್ಯಾದೆ ಕಟ್ಟಿಟ್ಟು ಪ್ರೆಸ್ಸಿಗೆ ಫೋನ್ ಮಾಡಿ ಮುರುಗೇಶನ ನಂಬರು ತೆಗೆದುಕೊಂಡೆ. ಈಗ ಕೃಷ್ಣಗಿರಿಯಲ್ಲಿದ್ದಾನೆ. ಯಾವ ಅಂಗಡಿ ಎಂದು ಕೇಳಿದ್ದಕ್ಕೆ ಮೊದಲು ಹೆದರಿದ, ಮನೆಯಲ್ಲಿ ರಾದ್ಧಾಂತ ಆಗಿದೆ ಎಂದುಕೊಂಡಿರಬೇಕು.

"ತಪ್ಪು ತಿಳ್ಕೋಬೇಡಿ ಅಕ್ಕಾ. ಒಂದೇ ಅಂಗಡಿ ಅಂತ ಇಲ್ಲ. ವಿಜಯನಗರ, ಮಾಲ್, ಕೆಂಗೇರಿ, ಎಲ್ಲಾ ಕಡೆಯಿಂದ್ಲೂ ತಂದುಕೊಟ್ಟಿದೀನಿ. ಸಾರ್ ಎಲ್ಲಾನೂ ಸೂಪರ್ ಅಂತಾನೇ ತಿಂತಿದ್ರು."

ಎಲ್ಲವೂ ಸೂಪರ್. ಹಾಗಾದರೆ ಅಂಗಡಿ ತಪ್ಪಲ್ಲ. ಇವರ ನಾಲಿಗೆಯೇ ಸತ್ತುಹೋಗಿದೆ. ಎಲ್ಲಿಗೆ ಹೋಗಿ ಏನು ತಂದರೂ ಅಷ್ಟೇ. ಕೊಳವೆಯೇ ಗತಿ.

ಫೋನ್ ಇಡುವ ಮೊದಲು "ಸಾರ್‌ಗೆ ಏನಾಗಿದೆ ಅಕ್ಕಾ?" ಎಂದ. ಗ್ಯಾಸ್ಟ್ರಿಕ್ ಎಂದೆ.

ಜುಲೈ ೨೬, ಶನಿವಾರ

ಬರೆಯಲು ಏನೂ ಇಲ್ಲ. ಗಂಜಿಯೂ ಇಲ್ಲ, ಮಾತ್ರೆಯೂ ಇಲ್ಲ.

ಜುಲೈ ೨೭, ಭಾನುವಾರ

ಬೆಳಗಿನಿಂದ ಜಿಟಿಜಿಟಿ ಮಳೆ. ಅತ್ತೆ ಹೀರೇಕಾಯಿ ಬಜ್ಜಿ ಕೇಳಿದರು. ಮಗ ಮೇಲೆ ಹಾಗೆ ಮಲಗಿರುವಾಗ ಬಜ್ಜಿ ಬೇಕಂತೆ ಎಂದು ಮನಸ್ಸಿನಲ್ಲೇ ಶಪಿಸುತ್ತ ಬಾಣಲೆ ಇಟ್ಟೆ. ಯಾವುದೋ ಯೋಚನೆಯಲ್ಲಿ, ಕರಿದದ್ದನ್ನು ಕರಿದ ಹಾಗೇ ಅಡುಗೆಮನೆಯ ಇನ್ನೊಂದು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಮುಂದೆ ತಂದಿಟ್ಟೆ. ಮೇಲೆ ಹೋಗಿ ಇವರನ್ನು ಮಗ್ಗುಲು ತಿರುಗಿಸಿ ಬರುವಷ್ಟರಲ್ಲಿ ಅತ್ತೆ ಗುಡುಗುತ್ತಿದ್ದರು.

"ಎಲ್ಲಿಟ್ಟಿದೀಯೇ ಬುದ್ಧಿನ? ಬಿಸಿ ಬಜ್ಜಿ ಮೇಲೆ ಯಾರಾದ್ರೂ ಮುಚ್ಚಳ ಮುಚ್ತಾರಾ? ತನ್ನ ಹಬೆಗೆ ತಾನೇ ನೆಂದು ಮೆತ್ತಗಾಗಿದೆ ನೋಡು. ಮೊನ್ನೆ ಮದುವೆಯಾಗಿ ಬಂದೋಳ ಥರ ಆಡ್ತೀಯಲ್ಲ."

ಒಂದು ಬಜ್ಜಿ ಎತ್ತಿ ನನ್ನ ಮುಂದೆ ಹಿಡಿದರು. ಜೋತುಬಿದ್ದಿತ್ತು. ಮುಚ್ಚಳದ ಒಳಗೆಲ್ಲ ನೀರಹನಿ. ಆ ಹನಿಗಳನ್ನು ನಾನು ನೋಡಿದ್ದೆ, ಕೆಂಗೇರಿಯಿಂದ ಬಂದ ದಿನ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಲಂಗ ಹಾಕುತ್ತಿದ್ದ ಕಾಲದಿಂದ ಬಜ್ಜಿ ಕರಿಯುತ್ತಿದ್ದೇನೆ. ಬಿಸಿಯದನ್ನು ಮುಚ್ಚಬಾರದು, ತೂತಿನ ತಟ್ಟೆಯಲ್ಲಿ ಆರಬಿಡಬೇಕು ಎಂದು ಊರಿಗೆಲ್ಲ ಹೇಳಿಕೊಡುವವಳು ನಾನು. ಇದೂ ಎಣ್ಣೆಯಲ್ಲಿ ಕರಿದದ್ದೇ ಎಂದು ಒಂದು ದಿನವೂ ನನಗೆ ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು, ನಾನು ಅದನ್ನು ತಿಂಡಿ ಎಂದುಕೊಂಡಿದ್ದರೆ ತಾನೇ? ಕದ್ದ ಮಾಲು ಎಂದುಕೊಂಡಿದ್ದೆ. ಮೂರು ಅಂಗಡಿಯ ಗರಿಗರಿಯನ್ನೂ ಟವೆಲ್ ಸುತ್ತಿ ಸುತ್ತಿ ನಾನೇ ಕೊಂದೆ. ಇವರ ನಾಲಿಗೆ ಸತ್ತಿರಲಿಲ್ಲ. ಇವರು ಹೇಳಿದ್ದೆಲ್ಲ ಸರಿಯಾಗಿತ್ತು.

ಹಾಗಾದರೆ ಮುಚ್ಚದೆ ತರಬೇಕು. ವಾಸನೆ ಹೊಡೆಯುತ್ತ, ಬೀದಿಯಲ್ಲಿ ಎಲ್ಲರೂ ನೋಡುತ್ತ, ಅತ್ತೆಯ ಕುರ್ಚಿಯ ಪಕ್ಕದಿಂದ. ನಾಳೆ ಶ್ರಾವಣದ ಮೊದಲ ಸೋಮವಾರ. ಮಾಂಸ ತಿನ್ನುವವರೇ ನಾಳೆ ಮುಟ್ಟುವುದಿಲ್ಲ. ಮಂಗಳವಾರಕ್ಕೆ ಇಡೋಣವೇ? ಇವರನ್ನೇ ಅಂಗಡಿಗೆ ಕರೆದೊಯ್ಯೋಣವೇ? ಎದ್ದು ಕೂರಲಾರದವರನ್ನು ಹೇಗೆ ಇಳಿಸಲಿ? ಎರಡು ದಿನದಿಂದ ಮಾತ್ರೆ ಹೊಟ್ಟೆಯಲ್ಲಿ ನಿಂತಿಲ್ಲ. ಕಾಯಲು ಇವರಲ್ಲಿ ಇನ್ನೇನು ಉಳಿದಿದೆ?

ಜುಲೈ ೨೮, ಸೋಮವಾರ

ಅಂಗಡಿ ಖಾಲಿ ಹೊಡೆಯುತ್ತಿತ್ತು. ಗುರುದೇವಿ ನನ್ನನ್ನು ನೋಡಿ ಜಗಳಕ್ಕೇ ಬಂದೆ ಎಂದುಕೊಂಡಳು. "ಇವತ್ತ ಡಬ್ಬಿ ತಂದಿಲ್ಲೇನ್ರೀ?"

"ಇಲ್ಲಮ್ಮ. ಕಾಗದದ ಚೀಲದಲ್ಲೇ ಕೊಡು. ಬಾಯಿ ಮಡಚಬೇಡ, ಹಬೆ ಹೋಗಲಿ."

ಆಟೋದಲ್ಲಿ ಕೂತೆ. ಚೀಲ ಮಡಿಲಲ್ಲಿ ಬಾಯಿ ತೆರೆದುಕೊಂಡಿತ್ತು. ಡ್ರೈವರು ಎರಡು ಸಲ ಹಿಂದೆ ತಿರುಗಿ ನೋಡಿ ಕಡೆಗೆ ಹೇಳಿಯೇಬಿಟ್ಟ, "ಶ್ರಾವಣ ಸೋಮವಾರ ಅಕ್ಕಾ, ಉಪವಾಸ ಇದೀನಿ. ಯಾಕಕ್ಕಾ ನಂಗೆ ಈ ಪರೀಕ್ಷೆ?" "ಬೇಗ ಬಿಡಪ್ಪ, ನಿನ್ನ ಪರೀಕ್ಷೆ ಬೇಗ ಮುಗಿಯುತ್ತೆ" ಎಂದೆ. ಎಷ್ಟೋ ದಿನದ ಮೇಲೆ ನಗು ಬಂತು, ಜೊತೆಗೇ ಅಳುವೂ ಬಂತು.

ಬೀದಿಯಲ್ಲಿ ಇಳಿದಾಗ ಎದುರುಮನೆಯ ವರಲಕ್ಷ್ಮಿ ಬಟ್ಟೆ ಒಣಹಾಕುತ್ತಿದ್ದರು. ನೋಡಿದರು. ನೋಡಲಿ. ಗೇಟು ತೆಗೆದೆ. ಅಲ್ಲಿಯವರೆಗೂ ಇದ್ದ ಧೈರ್ಯ ಅತ್ತೆಯನ್ನು ಕಂಡ ಕೂಡಲೇ ಹೋಯಿತು. ಲಿಂಗಪೂಜೆ ಮುಗಿಸಿ, ಮೂರು ಬೆರಳ ವಿಭೂತಿ ಹಚ್ಚಿಕೊಂಡು ಕೂತಿದ್ದರು. ನನಗೇ ತಿಳಿಯದೆ ಸೆರಗು ಎಳೆದು ಚೀಲದ ಮೇಲೆ ಹಾಕಿಕೊಂಡೆ.

"ಏನದು?"

ಕೊತ್ತಂಬರಿ ಎನ್ನಲು ಬಾಯಿ ತೆರೆದೆ. ಆಗಲಿಲ್ಲ. "ಕೋಳಿ, ಅತ್ತೆ. ಇವ್ರಿಗೆ. ಇದೊಂದನ್ನೇ ತಿನ್ಬೇಕು ಅಂತಿದಾರೆ. ತಿಂದ್ರೆ ಮಾತ್ರೆ ನಿಲ್ಲುತ್ತೆ. ಇವ್ರಿಗಿರೋದು ಕಫ ಅಲ್ಲ ಅತ್ತೆ, ಟಿಬಿ."

ಎರಡನ್ನೂ ಒಟ್ಟಿಗೇ ಹೇಳಿಬಿಟ್ಟೆ. ಬೀದಿಗೆ ಕೇಳಿಸಿತೋ ಏನೋ. ಅತ್ತೆ ನನ್ನ ಮುಖ ನೋಡಿದರು, ಸೆರಗು ನೋಡಿದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

"ನಂಗೆ ಮಂಡಿ ಹೋಗಿದೆ ಕಣೇ, ಮೂಗು ಹೋಗಿಲ್ಲ" ಎಂದರು. "ಈ ತಿಂಗಳೆಲ್ಲ ಅದೇನು ಕೊತ್ತಂಬರಿ ಅಂತ ನಂಗೊತ್ತಿಲ್ವಾ? ಸೆರಗು ತೆಗಿ ಮೊದ್ಲು. ಮುಚ್ಚಿದ್ರೆ ಮೆತ್ತಗಾಗುತ್ತೆ ಅಂತ ನಿನ್ನೆ ತಾನೇ ಹೇಳ್ಲಿಲ್ವಾ? ಹತ್ತು, ಹತ್ತು."

ಕೋಲೂರಿ, ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ದಾರಿ ಬಿಟ್ಟರು.

ಇವರು ಕಚ್ಚಿದ ಸದ್ದು ಕೋಣೆಗೆಲ್ಲ ಕೇಳಿಸಿತು. ಕಣ್ಣು ಮುಚ್ಚಿಕೊಂಡು ಅಗಿದರು. ಇದೇ, ಇದಲ್ಲ, ಏನನ್ನೂ ಹೇಳಲಿಲ್ಲ. ಅರ್ಧ ಆದಮೇಲೆ ಸುಸ್ತಾಗಿ ಒರಗಿದರು. ಸಾಕೇನೋ ಎಂದು ನಾನು ಎತ್ತಿಡಲು ಹೋದರೆ ಕೈ ಹಿಡಿದುಕೊಂಡು ಉಳಿದದ್ದನ್ನೂ ಈಸಿಕೊಂಡರು. ಆಮೇಲೆ ಮಾತ್ರೆ. ಇಬ್ಬರೂ ಬಕೆಟ್ ನೋಡುತ್ತ ಕೂತೆವು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಬಕೆಟ್ ಖಾಲಿಯೇ ಇತ್ತು.

ಕೆಳಗಿಂದ ಅತ್ತೆಯ ದನಿ ಬಂತು. "ಅಂಬುಜಾ, ತಿಂದನಾ?"

"ತಿಂದ್ರು ಅತ್ತೆ."

"ಮಾತ್ರೆ?"

"ನಿಂತಿದೆ ಅತ್ತೆ."

ನಾನು ಇಳಿದು ಹೋದಾಗ ಅತ್ತೆ ಆ ಕುರ್ಚಿಯಲ್ಲೇ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು.

ಆಗಸ್ಟ್ ೫, ಮಂಗಳವಾರ

ತೂಕ ಇಳಿದಿಲ್ಲ. ಒಂದಿಷ್ಟು ಏರಿದೆ, ಡಾಕ್ಟರು ಎರಡು ಸಲ ನಿಲ್ಲಿಸಿ ನೋಡಿದರು. ಕೊಳವೆ ಬೇಡ. ಇನ್ನೂ ಗೆದ್ದಿಲ್ಲ, ತಿಂಗಳುಗಟ್ಟಲೆ ಮಾತ್ರೆ ಬಾಕಿ ಇದೆ. ನಡುವೆ ಎರಡು ದಿನ ಮತ್ತೆ ವಾಂತಿಯೂ ಆಯಿತು. ಆದರೆ ಈಗ ಬೆಳಿಗ್ಗೆ ಅರ್ಧ ದೋಸೆ ಹೋಗುತ್ತದೆ, ಹಿಡಿದುಕೊಂಡರೆ ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ನಡೆಯುತ್ತಾರೆ.

ಆಸ್ಪತ್ರೆಯಿಂದ ಬರುವಾಗ ಮಾಲಿನ ಮುಂದೆ ಇವರೇ ಆಟೋ ನಿಲ್ಲಿಸಿದರು. ಲಿಫ್ಟಿನಲ್ಲಿ ಮೇಲೆ ಹೋದೆವು. ನಾನು ಅಭ್ಯಾಸದಂತೆ ಮೂಲೆಯ ಮೇಜಿನ ಕಡೆ ಹೊರಟರೆ, ಇವರು ನಡುವಿನ ಮೇಜಿಗೆ ಹೋಗಿ ಎಲ್ಲರಿಗೂ ಕಾಣುವ ಹಾಗೆ ಕೂತರು. ಸಂದಿಯಲ್ಲಿ ನಿಂತು ತಿಂದು ಸಾಕಾಗಿದೆ ಕಣೇ ಎಂದರು.

ಮೆಟ್ಟಿಲ ಅಂಗಡಿಯದಕ್ಕಿಂತ ಇಲ್ಲಿಯದು ಗರಿ ಹೆಚ್ಚು, ಬನ್ನೂ ಮೃದು. ಆದರೆ ಉಪ್ಪು ಸ್ವಲ್ಪ ಮುಂದು. ನಾನು ಅಗಿಯುತ್ತ ಹಾಗೆ ಹೇಳಿದ್ದಕ್ಕೆ ಇವರು ನನ್ನನ್ನೇ ನೋಡುತ್ತ ಕೂತರು, ಆಮೇಲೆ ಇಲ್ಲ ಸರಿಯಾಗಿದೆ ಎಂದು ವಾದ ಮಾಡಿದರು. ಇವರ ನಾಲಿಗೆ ಇನ್ನೂ ಸರಿಹೋಗಬೇಕು. ಉಪ್ಪು ಮುಂದಾಗಿಯೇ ಇತ್ತು.